ಗ್ರೇಸಿಯಕ್ಕನ ಕೊರಳಿನ ಕಬ್ಬಿಣ

ಗ್ರೇಸಿಯಕ್ಕನ ಕತ್ತು ಬಗ್ಗುತ್ತಿದ್ದುದು ಮೀನಿನ ಮುಳ್ಳು ಬಿಡಿಸುವಾಗ ಮಾತ್ರ. ಉಳಿದಂತೆ ಡಾರ್ಮ್‌ಸ್ಟಾಟ್‌ನ ಟ್ರಾಮಿನಲ್ಲಾಗಲಿ, ವೀಸಾ ಕಚೇರಿಯ ಸರದಿಯಲ್ಲಾಗಲಿ ನೆಟ್ಟಗೆ ನಿಂತಿರುತ್ತಿದ್ದರು. ಮಂಗಳೂರಿನವರು. ನಲವತ್ತು ದಾಟಿದ ಮೇಲೆ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ಬಂದು ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಟೆಸ್ಟರ್ ಆಗಿದ್ದರು. ನನ್ನ ಕೋಡಿನಲ್ಲಿ ತಪ್ಪು ಸಿಕ್ಕರೆ ಕಿವಿಯ ಬಳಿ ಬಂದು, "ಒಂದು ಸಣ್ಣ ಹುಳ ಉಂಟು ಮಾರಾಯ್ತಿ, ಚಾ ಕುಡಿದು ತೆಗಿ" ಎನ್ನುತ್ತಿದ್ದರು. ಊರಿಗೆಲ್ಲ ಸಾರುವ ಚಾಳಿ ಅವರದಲ್ಲ.

ಅದು ನಮ್ಮ ತಂಡದ ಲೀಡ್ ಡಂಕನ್‌ನ ಚಾಳಿ. ಸ್ಕಾಟ್ಲೆಂಡಿನವನು. ಗೋಡೆಯ ಮೊಳೆಗೆ ಸರಪಳಿಯ ತುಂಡಿದ್ದ ಕಬ್ಬಿಣದ ಕೊರಳಪಟ್ಟಿಯೊಂದನ್ನು ನೇತುಹಾಕಿದ್ದ. ಅದರ ಹೆಸರು 'ಜೂಗ್ಸ್'. ಅವನ ಸೀಮೆಯಲ್ಲಿ ಹಿಂದೆ ತಪ್ಪು ಮಾಡಿದವರನ್ನು ಇಂಥದ್ದರಿಂದ ಚರ್ಚಿನ ಗೋಡೆಗೆ ಕಟ್ಟಿ ನಿಲ್ಲಿಸುತ್ತಿದ್ದರಂತೆ. ನಮ್ಮಲ್ಲಿ ಯಾರ ಕೋಡಿನಿಂದ ಕೆಲಸ ನಿಂತಿತೋ ಅವರು ಸಂಜೆ ಆರರವರೆಗೆ ಅದನ್ನು ಹಾಕಿಕೊಂಡಿರಬೇಕು. ತಮಾಷೆಗಂತೆ. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ನನ್ನ ಸರದಿ ಬಂದಾಗ ಇನ್ನೂ ಪ್ರೊಬೇಷನ್‌ನಲ್ಲಿದ್ದೆ. ಕೆಲಸ ಹೋದರೆ ವೀಸಾಕ್ಕೂ ಕುತ್ತು. ತುಂಬಿದ ಕಣ್ಣಿನಲ್ಲೇ ಕತ್ತು ಚಾಚಿದೆ. ಗ್ರೇಸಿಯಕ್ಕ ಡಂಕನ್‌ನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು ತಮ್ಮ ಕೊರಳಿಗೇ ಹಾಕಿಕೊಂಡರು. "ಈ ಕೋಡನ್ನು ಟೆಸ್ಟ್ ಮಾಡಿ ಪಾಸ್ ಮಾಡಿದ್ದು ನಾನು" ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನತ್ತ ತಿರುಗಿದರು. "ನೀನು ಹೋಗಿ ಕೂತ್ಕೋ. ಅಳ್ಲಿಕ್ಕೆ ಎಂತ ಉಂಟು ಇದ್ರಲ್ಲಿ?"

ಮಧ್ಯಾಹ್ನ ಗ್ರಾಹಕರು ಬಂದರು. ಡಂಕನ್ ಓಡಿಬಂದು ಪಟ್ಟಿ ತೆಗೆಯಿರಿ ಎಂದ. "ಆರರವರೆಗೆ ಅಂತ ರೂಲ್ ನಿಮ್ಮದೇ" ಎಂದರು ಗ್ರೇಸಿಯಕ್ಕ, ಜಗ್ಗಲಿಲ್ಲ. ಸರಪಳಿ ಕಿಣಿಕಿಣಿ ಎನ್ನುತ್ತಿದ್ದಂತೆಯೇ ವರದಿ ಓದಿದರು. ಗ್ರಾಹಕರಲ್ಲೊಬ್ಬಾಕೆ ಇದೇನೆಂದು ಕೇಳಿದ್ದೇ ತಡ, ಒಂದನ್ನೂ ಬಿಡದೆ ವಿವರಿಸಿದರು. ಆ ದಿನ ಯಾರೂ ನಗಲಿಲ್ಲ.

ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಹ್ಯಾಂಬರ್ಗಿನಲ್ಲಿ ಬೇರೆ ಕೆಲಸ ಹುಡುಕಿಕೊಂಡರು. ಸ್ಟೇಷನ್ನಿನಲ್ಲಿ ಎಲ್ಲ ನನ್ನಿಂದಲೇ ಆಯಿತೆಂದು ನಾನು ಅತ್ತೆ.

"ನಿನ್ನಿಂದ ಎಂತ ಆಗ್ಲಿಲ್ಲ. ಆ ಪಟ್ಟಿ ಇನ್ನೂ ಮೊಳೆಯಲ್ಲೇ ಉಂಟಲ್ಲ, ಅಳುವುದಾದ್ರೆ ಅದಕ್ಕೆ ಅಳು" ಎಂದರು.

ಮತ್ತೆ ಅವರನ್ನು ನೋಡಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಪಟ್ಟಿಯನ್ನು ಇಳಿಸಿ, ಊರಿನ ಕಸ ವಿಂಗಡಿಸುವ ಅಂಗಳಕ್ಕೆ ಒಯ್ದೆ. ಅಲ್ಲಿಯವನು ಅದನ್ನು ತಿರುಗಿಸಿ ನೋಡಿ, ಹಳೆ ಕಬ್ಬಿಣದ ತೊಟ್ಟಿ ತೋರಿಸಿದ.

ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಯಾರು ತೆಗೆದದ್ದೆಂದು ಡಂಕನ್ ಕೇಳಿದಾಗ ಎದ್ದು ನಿಂತೆ. ಕತ್ತು ಬಗ್ಗಿಸಲಿಲ್ಲ.