ನೂರ ಹನ್ನೆರಡು ಬೆಂಡೆಕಾಯಿ ಹೂವು

ಕುವೆಂಪುನಗರದಲ್ಲಿ ಅಕ್ಕನ ಗೃಹಪ್ರವೇಶ. ಉಡುಗೊರೆಯ ಗೋಡೆ ಗಡಿಯಾರವನ್ನು ನಾನೇ ಅಚ್ಚು ಹಾಕಿದ ಕಾಗದದಲ್ಲಿ ಸುತ್ತಿ ಕೊಡುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ನನ್ನ ಡೈರಿಯ ಪ್ರಕಾರ ಶುಕ್ರವಾರ ಒಂಬತ್ತು ಹಾಳೆ ಕೆಟ್ಟವು. ಕತ್ತರಿಸಿದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು ಮೂಡಬೇಕು. ಮೂಡಿದ್ದು ಲೋಳೆಯ ಕಲೆ. ಶನಿವಾರ ಬೆಂಡೆಕಾಯಿಯನ್ನು ಒರೆಸಿ, ಬಿಸಿಲಿಗಿಟ್ಟು, ಮತ್ತೆ ಆರು ಹಾಳೆ ಒತ್ತಿದೆ. ಐದು ಕೆಟ್ಟವು. ಆರನೆಯದರಲ್ಲಿ ಮಾತ್ರ ನೂರ ಹನ್ನೆರಡು ನೀಲಿ ಹೂವು ಬಂದವು, ಒಂದೂ ಕಲಸಿಹೋಗಿರಲಿಲ್ಲ. ಅದನ್ನು ಮೇಜಿನ ಮೇಲೆ ಆರಲು ಬಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ನಾಲ್ಕೂ ಮೂಲೆಗೆ ಒದ್ದೆ ಅರಿಶಿನ. ಹೊಸ ಬಟ್ಟೆಗೆ, ಲಗ್ನಪತ್ರಿಕೆಗೆ ಹಚ್ಚುವಂತೆ ಅಮ್ಮ ಹಚ್ಚಿದ್ದಳು. ಹಸಿ ನೀಲಿಯ ಜೊತೆ ಕಲೆತು ಮೂಲೆಗಳೆಲ್ಲ ಪಾಚಿ ಬಣ್ಣಕ್ಕೆ ತಿರುಗಿದ್ದವು.

“ಏನಮ್ಮ ಮಾಡ್ಬುಟ್ಟೆ?”

“ಶುಭಕಾರ್ಯಕ್ಕೆ ಹೋಗೋದು ಕಣೆ. ಬೋಳು ಕಾಗದ ಕಳ್ಸಕ್ಕಾಗುತ್ತಾ?”

“ಎರಡು ದಿನದ ಕೆಲಸ ಅದು.”

“ನಂದು ಎರಡೇ ನಿಮಿಷ ಆಯ್ತು ನೋಡು.”

ಅರಿಶಿನದ ಅಂಚನ್ನು ಕತ್ತರಿಸಿದೆ. ಕಾಗದ ಎರಡು ಬೆರಳು ಸಾಲದೆ ಬಂತು. ಎಷ್ಟು ಎಳೆದರೂ ಪೆಟ್ಟಿಗೆಯ ಬೆನ್ನು ಮುಚ್ಚಲಿಲ್ಲ. ಮನೆಯಲ್ಲಿ ಬೆಂಡೆಕಾಯಿಯೂ ಮುಗಿದಿತ್ತು, ಬೆಳಗ್ಗೆ ಐದಕ್ಕೆ ಹೊರಡಬೇಕಿತ್ತು. ಬೀದಿ ಕೊನೆಯ ಅಂಗಡಿಯಿಂದ ಹೂವಿನ ಕಾಗದ ತಂದು, ಹಲ್ಲು ಕಚ್ಚಿಕೊಂಡು ಸುತ್ತಿದೆ.

ಮರುದಿನ ಅಕ್ಕ ಅದನ್ನು ನೆಂಟರಿಗೆಲ್ಲ ಎತ್ತಿ ತೋರಿಸಿದಳು. “ನಮ್ಮ ತಂಗಿ ಕೈಯಲ್ಲೇ ಮಾಡಿರೋದು ಕಣ್ರೀ. ಥೇಟ್ ಅಂಗಡೀದ್ ಥರಾನೇ ಇದೆ.”

ಅಂಗಡಿಯದೇ ಎಂದೆ. ಯಾರೂ ನಂಬಲಿಲ್ಲ.