ಬುತ್ತಿಯಲ್ಲಿ ಬಂದ ಕೀಲಿ

ತುಳಜಾಬಾಯಿ ಬುತ್ತಿಯ ಡಬ್ಬಿ ಬಿಚ್ಚಿದಳು. ಪುಂಡಿಪಲ್ಯದ ಎಣ್ಣೆ ಸೋರಿ ರೊಟ್ಟಿಯೆಲ್ಲ ತೊಯ್ದಿದ್ದವು. ಅವುಗಳ ನಡುವೆ ಕಂಪ್ಯೂಟರಿನ ಕೀಲಿ ಮೈಗೆಲ್ಲ ಪಲ್ಯ ಬಳಿದುಕೊಂಡು ಬಿದ್ದಿತ್ತು. ಸೆರಗಿನಿಂದ ಒರೆಸಿದಳು, ಊದಿದಳು, ಕಲಬುರಗಿಯ ಬಿಸಿಲಿಗೂ ಇಟ್ಟಳು. ಯಂತ್ರದ ಹಿಂದೆ ಚುಚ್ಚಿದರೆ ಪರದೆಯ ಮೇಲೆ ಒಂದೇ ಮಾತು: ಕೀಲಿ ಇಲ್ಲ. ಥೂ, ಇದರ ಮನೆ ಹಾಳಾಗ! ಚುಚ್ಚಿದ ಕೀಲಿಯನ್ನೇ ಇಲ್ಲ ಅನ್ನುತ್ತದಲ್ಲ!

ಇದು ಬಾಗಿಲಿಗೆ ಹಾಕುವ ಕೀಲಿಯಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕನ್ನಡ ಅಕ್ಷರದ ಸಾಫ್ಟ್‌ವೇರ್ ಕೊಂಡವರಿಗೆ ಕಂಪನಿ ಕೊಡುತ್ತಿದ್ದ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಡಬ್ಬಿ. ಅದನ್ನು ಯಂತ್ರದ ಹಿಂದೆ ಸಿಕ್ಕಿಸಿದರೆ ಕನ್ನಡ ಮೂಡುತ್ತಿತ್ತು, ತೆಗೆದರೆ ಇಲ್ಲ. ಒಂದು ಯಂತ್ರಕ್ಕೆ ಒಂದು ಕೀಲಿ ಎಂಬುದು ಕಂಪನಿಯ ಕಾನೂನು. ತುಳಜಾಬಾಯಿಯ ಹತ್ತಿರ ಯಂತ್ರ ಎರಡಿದ್ದವು. ಒಂದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ತನ್ನ ಅಂಗಡಿಯಲ್ಲಿ, ಇನ್ನೊಂದು ಕಮಲಾಪುರದಲ್ಲಿ ತಂಗಿ ಗುಂಡಮ್ಮನ ಅಂಗಡಿಯಲ್ಲಿ. ಕೀಲಿ ಮಾತ್ರ ಒಂದೇ.

ಕಳ್ಳ ಸಾಫ್ಟ್‌ವೇರ್ ಊರ ತುಂಬ ಸಿಗುತ್ತಿದ್ದಾಗ ಈಕೆ ಯಾಕೆ ಕೀಲಿಯದನ್ನೇ ಕೊಂಡಳು ಎಂದು ಕೇಳಿ ನಕ್ಕವರು ಬಹಳ. ಅವರಿಗೇನು ಗೊತ್ತು? ಆಕೆಯ ಅಪ್ಪ ಮಾಪಣ್ಣ ಕಮಲಾಪುರದ ಬಾಳೆತೋಟದಲ್ಲಿ ಕೂಲಿಗಿದ್ದವನು. ಒಮ್ಮೆ ಕೆಂಪುಬಾಳೆಯ ಗೊನೆ ಕಾಣೆಯಾಯಿತು. ಹಿಂದೆಮುಂದೆ ನೋಡದೆ ಆತನ ಕೊರಳಿಗೆ ಬಾಳೆಯ ಸಿಪ್ಪೆಯ ಮಾಲೆ ಹಾಕಿ ಬಸ್‌ಸ್ಟ್ಯಾಂಡಿನ ಎದುರು ನಿಲ್ಲಿಸಿದರು. ಗೊನೆ ಕದ್ದವನು ತೋಟದ ಸಾಹುಕಾರನ ಅಳಿಯನೇ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೆ ಬಂದು ಒಂದು ಮಾತು ಆಡಿದವರು ಯಾರೂ ಇಲ್ಲ, ಹಲಕಟ್ಟುಗಳು! ಅಕ್ಕ ತಂಗಿ ಇಬ್ಬರೂ ಅವತ್ತು ಒಬ್ಬರ ಕೈ ಒಬ್ಬರು ಹಿಡಿದು ನಿಂತು ನೋಡಿದ್ದರು. ಟೈಪಿಂಗ್ ಕಲಿತು, ಅಂಗಡಿ ಇಟ್ಟು ದೊಡ್ಡವಳಾದರೂ ತುಳಜಾಬಾಯಿ ಯಾರದೇ ಒಂದು ಸೂಜಿಯನ್ನೂ ಕೇಳದೆ ಮುಟ್ಟಲಿಲ್ಲ.

ಗುಂಡಮ್ಮ ಗಂಡನ ಮನೆ ಬಿಟ್ಟು ಬಂದು ಅದೇ ಸಾಹುಕಾರನ ತೋಟಕ್ಕೆ ಕೂಲಿಗೆ ಹೊರಟಾಗ ಅಕ್ಕನಿಗೆ ಮೈ ಉರಿದಿತ್ತು. "ಆ ತ್ವಾಟದಾಗ ಕಾಲಿಟ್ಟೀ ಅಂದ್ರ ನನ್ನ ಹೆಣ ನೋಡ್ತೀ" ಎಂದು ಎಳೆದು ತಂದು, ಅಕ್ಷರ ಕಲಿಸಿ, ಹಳೆಯ ಕಂಪ್ಯೂಟರ್ ಕೊಡಿಸಿ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿಕೊಟ್ಟಳು. ಲಗ್ನಪತ್ರಿಕೆ, ಕರಪತ್ರ ಎಂದು ಕೆಲಸ ಕೈಹಿಡಿಯಿತು. ಕೀಲಿಯ ತೊಡಕನ್ನು ಬುತ್ತಿ ಬಿಡಿಸಿತು. ಹಳ್ಳಿಯವರು ಶಹರದಲ್ಲಿ ಓದುವ ಮಕ್ಕಳಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರಲ್ಲ, ಹಾಗೆಯೇ ಗುಂಡಮ್ಮ ದಿನಾ ಮುಂಜಾನೆ ಅಕ್ಕನಿಗೆ ರೊಟ್ಟಿ ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಕೀಲಿಯೂ ಅದರಲ್ಲೇ, ಮುಖಕ್ಕೆ ಹಚ್ಚುವ ಸ್ನೋದ ಖಾಲಿ ಡಬ್ಬಿಯೊಳಗೆ ಹತ್ತಿ ಸುತ್ತಿಕೊಂಡು ಬರುತ್ತಿತ್ತು. ಹಗಲೆಲ್ಲ ಅಕ್ಕನ ಕೆಲಸ. ಸಂಜೆ ಖಾಲಿ ಬುತ್ತಿಯ ಜೊತೆ ಕೀಲಿ ತಿರುಗಿ ಕಮಲಾಪುರಕ್ಕೆ, ರಾತ್ರಿ ತಂಗಿಯ ಕೆಲಸ. ಒಂದು ಹೊತ್ತಿಗೆ ಒಂದೇ ಯಂತ್ರ, ಇದರಲ್ಲಿ ಮೋಸವೇನು ಬಂತು ಎಂಬುದು ತುಳಜಾಬಾಯಿಯ ಲೆಕ್ಕ.

ಇವತ್ತು ಸ್ನೋ ಡಬ್ಬಿಯೂ ಇಲ್ಲ, ಹತ್ತಿಯೂ ಇಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು ಎಂದುಕೊಂಡು, ಕೆಟ್ಟ ಕೀಲಿಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇವರ್ಗಿ ಕಾಲೋನಿಗೆ ಹೋದಳು. ಕಂಪನಿಯ ಏಜೆಂಟ್ ಚಂದ್ರಶಾ ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ.

ಚಂದ್ರಶಾ ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು ಮೂಸಿದ. "ಇದೇನ್ರೀ ಬಾಯಿ, ಪಲ್ಯಾದ ವಾಸನಿ?"

ಆಕೆ ನಡೆದದ್ದು ಹೇಳಿದಳು. ಹೇಳಿದ್ದೇ ತಪ್ಪಾಯಿತು.

"ಒಂದ ಕೀಲಿ, ಎರಡ ಊರು? ಕಂಪನಿ ಪ್ರಕಾರ ಅದು ಭೀ ಕಳವೇ ರೀ" ಎಂದು ಗುಟ್ಕಾದ ಹಲ್ಲು ಕಿರಿದ. "ಕೆಟ್ಟ ಕೀಲಿ ಬದ್ಲಿ ಮಾಡಿ ಕೊಡಾಂಗಿಲ್ಲ. ಹಳೀ ಸಾಫ್ಟ್‌ವೇರ್ ಬಂದ್ ಆಗ್ಯದ, ಹೊಸಾದು ಬಂದದ. ಚಲೋ ಇದ್ದ ಕೀಲಿ ವಾಪಸ್ ಕೊಟ್ಟವರಿಗಿ ಅರ್ಧಾ ರೇಟು. ನಿಮ್ಮದು ಸತ್ತದ, ಪೂರಾ ಕೊಡಬೇಕು. ಮತ್ತ ಹೊಸಾದು ಮೊದಲ ಯಾವ ಕಂಪ್ಯೂಟರಿಗಿ ಹಾಕ್ತೀರಿ ಅದಕ್ಕೇ ಗಂಟ ಬೀಳ್ತದ. ಬುತ್ತಿ ಆಟಾ ನಡ್ಯಾಂಗಿಲ್ಲ."

ತುಳಜಾಬಾಯಿಗೆ ತಲೆ ಚಿಟ್ಟು ಹಿಡಿಯಿತು. ಕಳವೇ? ದುಡಿದು ಕೊಂಡದ್ದನ್ನು ತಂಗಿಯ ಜೊತೆ ಹಂಚಿಕೊಂಡರೆ ಕಳವೇ? ಸಿಟ್ಟಿನಿಂದ ಮುಖ ತಿರುಗಿಸಿದವಳಿಗೆ ಕ್ಲಾಸಿನ ಸಾಲು ಕಂಪ್ಯೂಟರುಗಳು ಕಂಡವು. ಎಲ್ಲದರಲ್ಲೂ ಹೊಸ ಸಾಫ್ಟ್‌ವೇರಿನ ಕನ್ನಡ. ರೂಢಿಯಂತೆ ಕಣ್ಣು ಹಿಂಬದಿಗೆ ಹೋಯಿತು. ಒಂದಕ್ಕೂ ಕೀಲಿ ಇರಲಿಲ್ಲ.

"ಇವುಕ್ಕ ಕೀಲಿ ಎಲ್ಲಿ ಅವ್ರೀ?"

ಚಂದ್ರಶಾನ ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ. ದನಿ ಇಳಿಸಿ, "ಕೀಲಿ ಮುರದ ಸಿಡಿ ರೀ, ಕೀಲಿ ಇಲ್ದೇನೇ ಓಡ್ತದ. ನಿಮಗ ಭೀ ಬೇಕಂದ್ರ ಕೊಡ್ತೀನಿ. ಹಳ್ಳಿ ಕಡೀ ಎಲ್ಲಾ ಇದೇ ನಡೀಲಾಕತ್ತದ" ಎಂದ.

ಛೀ! ಕಿಟಕಿಯಾಚೆ ಅವನು ಪಿಚಕ್ಕನೆ ಉಗುಳಿದ್ದಕ್ಕಿಂತ ಆ ಮಾತೇ ಹೊಲಸಾಗಿತ್ತು. ಕಂಪನಿಯ ಹೆಸರಿನಲ್ಲಿ ನನ್ನನ್ನು ಕಳ್ಳಿ ಎಂದ ಬಾಯಲ್ಲೇ ಕಂಪನಿಯ ಮಾಲನ್ನು ಕದ್ದು ಮಾರುತ್ತಾನೆ! ಇವನ ಕೈಯಿಂದ ನೀರು ಸಹ ಇಸಿದುಕೊಳ್ಳಬಾರದು ಅನ್ನಿಸಿತು. ಆದರೆ ಕೀಲಿ ಮಾರುವವನು ಊರಿಗೆ ಇವನೊಬ್ಬನೇ. ಮರುದಿನ ಕೂಡಿಟ್ಟದ್ದೆಲ್ಲ ತಂದು ಮೇಜಿನ ಮೇಲೆ ಹಾಕಿ, ಹೊಸ ಕೀಲಿ ತೆಗೆದುಕೊಂಡು ಹೊರಗೆ ಬಂದು, ನಳದ ಕೆಳಗೆ ಕೈ ತೊಳೆದುಕೊಂಡಳು.

ಈಗ ಅದನ್ನು ಯಾವ ಯಂತ್ರಕ್ಕೆ ಕಟ್ಟಬೇಕು? ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ತೀರ್ಮಾನವಾಗಿತ್ತು. ತನಗೆ ಹಳೆಯ ಟೈಪ್‌ರೈಟರ್ ಇದೆ, ಕೋರ್ಟು ಕಚೇರಿಯ ಅರ್ಜಿ ಹೊಡೆದಾದರೂ ಹೊಟ್ಟೆ ತುಂಬುತ್ತದೆ. ಗುಂಡಮ್ಮನಿಗೆ ಈ ಅಂಗಡಿ ಹೋದರೆ ಉಳಿಯುವುದು ಆ ಸಾಹುಕಾರನ ತೋಟವೇ. ಕೀಲಿಯನ್ನು ಎದೆಯ ಹತ್ತಿರ ಇಟ್ಟುಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದಳು. ನಿನ್ನೆ ಸಂಜೆ ಕೀಲಿ ತಿರುಗಿ ಬಾರದೆ ತಂಗಿ ಅಂಗಡಿ ಮುಚ್ಚಿಕೊಂಡು ಅಳುತ್ತ ಕೂತಿರಬಹುದು ಎಂದು ದಾರಿಯುದ್ದಕ್ಕೂ ಕರುಳು ಚುರ್ ಅನ್ನುತ್ತಿತ್ತು.

ಕಮಲಾಪುರದಲ್ಲಿ ಇಳಿದರೆ ಅಂಗಡಿ ತೆರೆದೇ ಇತ್ತು. ಒಳಗೆ ಪ್ರಿಂಟರ್ ಕರಕರ ಅನ್ನುತ್ತಿತ್ತು. ಗುಂಡಮ್ಮ ಲಗ್ನಪತ್ರಿಕೆ ತೆಗೆಯುತ್ತಿದ್ದಳು, ಹೊಚ್ಚಹೊಸ ಸಾಫ್ಟ್‌ವೇರಿನ ಬಳ್ಳಿಬಳ್ಳಿಯ ಅಕ್ಷರದಲ್ಲಿ.

ತುಳಜಾಬಾಯಿ ಬಾಗಿಲಲ್ಲೇ ನಿಂತಳು. ಹೊಸ ಕೀಲಿ ತನ್ನ ಕುಪ್ಪಸದಲ್ಲಿದೆ. ಹಳೆಯದು ಸತ್ತು ಕರವಸ್ತ್ರದಲ್ಲಿದೆ. ಯಂತ್ರ ಮಾತ್ರ ಓಡುತ್ತಿದೆ.

"ಯಾವಾಗಿಂದ?" ಎಂದಳು.

ಗುಂಡಮ್ಮ ಬೆಚ್ಚಿ ತಿರುಗಿದಳು. ಮೊದಲು ಮುಖ ಸಣ್ಣದಾಯಿತು, ಆಮೇಲೆ ಗಟ್ಟಿಯಾಯಿತು. "ಉಗಾದಿ ಮುಂದ ತಗೊಂಡೆ ಅಕ್ಕಾ. ಚಂದ್ರಶಾ ಅವ್ರೇ ಬಂದು ಹಾಕಿ ಕೊಟ್ರು."

"ಮತ್ತ ದಿನಾ ಸಂಜಿಕಿ ಕೀಲಿ ಯಾಕ ತರಿಸ್ಕೊಳ್ತಿದ್ದಿ?"

"ನೀ ಬ್ಯಾಸರಾ ಮಾಡ್ಕೋತಿ ಅಂತ."

ಪಲ್ಯದಲ್ಲಿ ಕೀಲಿ ಯಾಕೆ ಬಿದ್ದಿತ್ತು ಎಂದು ಈಗ ತಿಳಿಯಿತು. ಬೇಡವಾದದ್ದಕ್ಕೆ ಯಾರು ಹತ್ತಿ ಸುತ್ತುತ್ತಾರೆ? ತುಳಜಾಬಾಯಿಗೆ ಹೇಸಿಕೆ ಬಂತು. ಆ ಚಂದ್ರಶಾನ ಮೇಲೆ, ಅವನ ಕಂಪನಿಯ ಮೇಲೆ, ತನ್ನ ಬೆನ್ನಿಗೆ ಬಿದ್ದ ತಂಗಿಯ ಮೇಲೆ.

"ಅಪ್ಪನ್ನ ಕಳ್ಳ ಅಂದು ಇಲ್ಲೇ, ಈ ಬಸ್‌ಸ್ಟ್ಯಾಂಡಿನ್ಯಾಗೇ ನಿಲ್ಲಿಸಿದ್ರು. ಮರತೀ ಏನು ಗುಂಡೀ?"

"ಮರತಿಲ್ಲ" ಎಂದಳು ಗುಂಡಮ್ಮ. "ಅಪ್ಪ ಕದ್ದಿದ್ದಿಲ್ಲ. ಆದ್ರ ಭೀ ಸಿಪ್ಪಿ ಹಾಕಿದ್ರು. ಕದೀಲಾರದೇ ಇದ್ದು ಅಂವ ಏನ ಗಳಿಸಿದ, ಹೇಳು ನೋಡ್ತೀನಿ?"

ಆ ಮಾತು ತುಳಜಾಬಾಯಿಯನ್ನು ಸುಟ್ಟಿತು. ಹೊಸ ಕೀಲಿಯನ್ನು ಹೊರಗೆ ತೆಗೆಯದೆ ಹಾಗೇ ತಿರುಗಿ ಬಸ್ಸು ಹತ್ತಿ, ಖೂಬಾ ಪ್ಲಾಟಿಗೆ ಬಂದು ತನ್ನ ಯಂತ್ರಕ್ಕೇ ಚುಚ್ಚಿದಳು.

ಮರುದಿನ ಮುಂಜಾನೆ ಕಾಲು ತಾವಾಗಿಯೇ ಬಸ್‌ಸ್ಟ್ಯಾಂಡಿಗೆ ನಡೆದವು. ಕಂಡಕ್ಟರ್ ಕಿಟಕಿಯಿಂದ ಗಂಟು ಚಾಚಿದ. ಗುಂಡಮ್ಮ ಬುತ್ತಿ ಕಳಿಸಿದ್ದಳು, ಇನ್ನೂ ಬೆಚ್ಚಗಿತ್ತು.

"ವಾಪಸ್ ಒಯ್ರಿ. ನಾಳಿಂದ ತರಬ್ಯಾಡ್ರಿ" ಎಂದಳು ತುಳಜಾಬಾಯಿ.

ಮಧ್ಯಾಹ್ನ ಖಾನಾವಳಿಯಲ್ಲಿ ಕೂತಳು. ರೊಟ್ಟಿ ದಪ್ಪಗಿತ್ತು, ನಡುವೆ ಹಸಿ ಉಳಿದಿತ್ತು. ಒಂದು ಚೂರೂ ಬಿಡದೆ ತಿಂದಳು.