ಶಲ್ಯದ ಕೆಳಗಿನ ಕೈ

ಮೊನ್ನೆ ಟ್ರಂಕು ತೆಗೆದಾಗ ಅಪ್ಪನ ಶಲ್ಯ ಸಿಕ್ಕಿತು. ಮೂಸಿದೆ. ಹತ್ತಿಯ ವಾಸನೆ ಇನ್ನೂ ಇತ್ತೋ, ನನ್ನ ಭ್ರಮೆಯೋ... ಆದರೆ ನೆನಪಾದದ್ದು ಅಪ್ಪನಲ್ಲ, ಧಾರವಾಡದ ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸಿದ ಆ ಪುಣ್ಯಾತ್ಮ. ಮೈ ಉರಿಯಿತು.

ಅದು ಯುದ್ಧದ ಕಾಲ. ಜೋಳಕ್ಕೂ ಸೀಮೆಎಣ್ಣೆಗೂ ಸರಕಾರ ದರ ಕಟ್ಟಿತ್ತು. ಊರೆಲ್ಲ ರೇಶನ್ ಅಂಗಡಿಯ ಮುಂದೆ ನಿಂತಿದ್ದರೆ ಇವರು ಕ್ಲಾಸಿನಲ್ಲಿ, "ದರ ಕಟ್ಟೂದಂದ್ರ ಮನಷ್ಯಾನ ಕೈ ಕಟ್ಟಿಧಾಂಗ. ಕೊಡಾಂವ, ಕೊಳ್ಳಾಂವ ಇಬ್ರನ್ನೂ ಅವರ ಪಾಡಿಗೆ ಬಿಡ್ರಿ" ಎನ್ನುತ್ತಿದ್ದರು. ಹೊಟ್ಟೆ ತುಂಬಿದವರ ಮಾತು. ಆದರೆ ಹೇಳುವ ರೀತಿ... ಗಂಟೆ ಬಾರಿಸಿದರೂ ಯಾರೂ ಏಳುತ್ತಿರಲಿಲ್ಲ.

ಒಮ್ಮೆ, ಮುಕ್ತ ಪೇಟೆ ಎಂದರೇನೆಂದು ತೋರಿಸಲು ನಮ್ಮನ್ನು ಹುಬ್ಬಳ್ಳಿಯ ಹತ್ತಿ ಪೇಟೆಗೆ ಕರೆದೊಯ್ದರು. ಅಪ್ಪನೂ ಅಂದೇ ಶಿರಗುಪ್ಪಿಯಿಂದ ಬಂಡಿ ಹೂಡಿಕೊಂಡು ಬಂದಿದ್ದರು. ಆ ಹತ್ತಿಯ ಮೇಲೆ ನನ್ನ ಮುಂದಿನ ವರ್ಷದ ಕಾಲೇಜು ನಿಂತಿತ್ತು. ಆಗ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಶಲ್ಯದ ಕೆಳಗೆ ಬೆರಳು ಹಿಡಿದು ಕುದುರಿಸುತ್ತಿದ್ದರು. ಇಡೀ ಕೈ ಅದುಮಿದರೆ ಒಪ್ಪಿದಂತೆ.

ಮಗನ ಗುರುಗಳನ್ನು ಕಂಡು ಅಪ್ಪ ಹಿಗ್ಗಿ ಹೋದರು. "ಸಾಹೇಬ್ರ, ಇವತ್ತ ದಲಾಲ ಬ್ಯಾಡ. ನಮ್ಮ ಪರವಾಗಿ ನೀವ ಕೈ ಕೊಡ್ರಿ" ಎಂದು ಶಲ್ಯ ಹರವಿದರು. ಇವರೋ, ಪದ್ಧತಿ ಏನೆಂದು ಒಂದು ಮಾತು ಕೇಳದೆ ಕೈ ತೂರಿಸಿದರು. ಖರೀದಿದಾರ ಬೆರಳು ಹಿಡಿದು ತನ್ನ ಮೊದಲ ದರ ಹೇಳಿದ್ದೇ ತಡ, ಇವರು ಇಂಗ್ಲಿಷರ ಹಾಗೆ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿದರು.

"ಆತು, ಮಾಲು ಹೋತು!" ಎಂದ ಅವನು. ದರ ಕೇಳಿ ಅಪ್ಪನ ಮುಖ ಬಿಳಿಚಿತು.

ದಲಾಲನೇ ಮುಂದೆ ಬಂದು, "ಸಾಹೇಬ್ರಿಗೆ ಗೊತ್ತಾಗಿಲ್ರಿ. ಇದನ್ನ ಬಿಟ್ಟು ಹೊಸದಾಗಿ ಕೈ ಹಿಡಿಯೂಣು" ಎಂದ. ಮುಖ ಸಣ್ಣದು ಮಾಡಿಕೊಂಡರೂ ಖರೀದಿದಾರ ತಲೆಯಾಡಿಸಿದ. ಆದರೆ ಇವರು ವಿದ್ಯಾರ್ಥಿಗಳ ಮುಂದೆ ತಪ್ಪು ಒಪ್ಪಿಕೊಂಡಾರೆಯೇ? "ಯಾರೂ ಒತ್ತಾಯ ಮಾಡಿಲ್ಲ. ಇಬ್ರೂ ಖುಷಿಯಿಂದ ಮಾಡಿದ ವ್ಯವಹಾರ. ಮಾತಂದ್ರ ಮಾತು" ಎಂದುಬಿಟ್ಟರು. ಯಾರ ಖುಷಿ? ಹತ್ತಿ ಬೆಳೆದವನನ್ನು ಕೇಳಿದವರಾರು?

ನಾನು ಬಾಯಿ ತೆರೆದೆ. ಅಪ್ಪ ತಡೆದರು. "ಇರಲಿ ಬಿಡಪಾ. ಗುರುಗಳ ಮಾತು ಕೆಳಗ ಬೀಳಬಾರದು." ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. ನನ್ನ ಓದು ಅಲ್ಲಿಗೇ ನಿಂತಿತು.

ಈಗ ಪೇಟೆಯಲ್ಲಿ ದರ ಕೂಗಿ ಹೇಳುತ್ತಾರೆ. ಆ ಗುರುಗಳು ತೀರಿಕೊಂಡು ಎಷ್ಟೋ ಕಾಲವಾಯಿತು. ಸುದ್ದಿ ಬಂದಾಗ ನಾನು ಅಳಲಿಲ್ಲ, ಇವತ್ತಿಗೂ ಕ್ಷಮಿಸಿಲ್ಲ. ಶಲ್ಯ ಮಡಚಿ ಮತ್ತೆ ಟ್ರಂಕಿನಲ್ಲಿಟ್ಟೆ. ಆದರೂ ಆ ಹಾಳು ಮನುಷ್ಯನ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂಡಬೇಕೆಂದು ನನಗೆ ಎಷ್ಟು ಆಸೆಯಿತ್ತು...